ತೊಳೆದುಬಿಟ್ಟ ಮಸಿ

ಮಗಳ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ನಾನು ಸೇರಿ ಮೂರೇ ದಿನವಾಗಿತ್ತು. ಬೆಳಿಗ್ಗೆ ಸಿಂಕಿನ ಪಕ್ಕ ಮೊಳದುದ್ದದ ಕೊಳವೆಯೊಂದಿತ್ತು. ಒಳಗೆಲ್ಲ ಮಸಿ. ಬ್ರಷ್ ಹಾಕಿ ತಿಕ್ಕಿ ತಿಕ್ಕಿ ಪಳಪಳ ಹೊಳೆಯಿಸಿದೆ. ಬೆಳಕಿಗೆ ಹಿಡಿದು ನೋಡುತ್ತಿರುವಾಗ ಮಗಳು ಬಂದಳು.

"ಅಮ್ಮಾ, ಒಳಗಿದ್ದದ್ದು ಎಲ್ಲಿ?"

"ಏನಿತ್ತು? ಬರೀ ಮಸಿ."

"ಆ ಮಸಿಗೋಸ್ಕರಾನೇ ಕಣಮ್ಮ ಇಪ್ಪತ್ತು ಗಂಟೆ ಕುಲುಮೆ ಕಾಯಿಸಿದ್ದು!"

ಅವಳು ಸ್ಟೂಲು ಎಳೆದುಕೊಂಡು ಕೂತಳು. ಬೈದಿದ್ದರೂ ಸಹಿಸಿಕೊಳ್ಳುತ್ತಿದ್ದೆ. ಬೈಯಲಿಲ್ಲ, ವಿವರಿಸಿದಳು. ಮೀಥೇನ್ ಅನಿಲವನ್ನು ಈ ಕೊಳವೆಯೊಳಗೆ ಕಾದ ಕಬ್ಬಿಣದ ಪುಡಿಯ ಮೇಲೆ ಹಾಯಿಸಿದರೆ ಅದು ಒಡೆಯುತ್ತದೆ. ಹೈಡ್ರೋಜನ್ ಆಚೆ ಹೋಗುತ್ತದೆ, ಇಂಗಾಲ ಮಸಿಯಾಗಿ ಉಳಿಯುತ್ತದೆ. ತಾನು ಸವೆಯದೆ ಈ ಕೆಲಸ ಮಾಡಿಸುವ ಕಬ್ಬಿಣಕ್ಕೆ ಕ್ಯಾಟಲಿಸ್ಟ್ ಅಂತ ಹೆಸರು. ಆದರೆ ಸಾಮಾನ್ಯವಾಗಿ ಎರಡು ಗಂಟೆಯಲ್ಲಿ ಅದು ತಾನೇ ಮಾಡಿದ ಮಸಿಯಡಿ ಹೂತುಹೋಗಿ ಸುಮ್ಮನಾಗಿಬಿಡುತ್ತದೆ. ಅವಳು ಹದ ಮಾಡಿದ ಹೊಸ ಪುಡಿ ಮಾತ್ರ ಕುಲುಮೆ ಆರಿಸುವವರೆಗೂ ಇಪ್ಪತ್ತು ಗಂಟೆ ದುಡಿದಿತ್ತು. ಯಾಕೆಂದು ಸಂಜೆಯೊಳಗೆ ಮುಖ್ಯಸ್ಥರಿಗೆ ತೋರಿಸದಿದ್ದರೆ ಕುಲುಮೆ ಬೇರೆ ತಂಡದ ಪಾಲು.

"ತೊಳೆದ ನೀರು ಎಲ್ಲಿ ಚೆಲ್ಲಿದೆ?"

"ಚೆಲ್ಲಿಲ್ಲ ಕಣೇ. ಸಿಂಕಿಗೆ ಏನೂ ಸುರೀಬಾರದು ಅಂತ ಗೋಡೆ ಮೇಲೇ ಬರೆದಿದೀರಲ್ಲ. ಹೊಸ ಕ್ಯಾನ್ ಇಟ್ಟು ಅದಕ್ಕೇ ಹಾಕ್ದೆ."

ಅವಳು ಆ ನೀರನ್ನು ಗಾಜಿನ ಪಾತ್ರೆಗೆ ಬಗ್ಗಿಸಿ, ಕಬ್ಬಿಣವಾದರೂ ಸಿಗಲಿ ಎಂದು ಹೊರಮೈಗೆ ಅಯಸ್ಕಾಂತ ಹಿಡಿದಳು. ಕಪ್ಪೆಲ್ಲ ಮೆಲ್ಲನೆ ಆ ಕಡೆ ಸರಿಯಿತು. ಸ್ವಲ್ಪ ಹೊತ್ತಿಗೆ ಈ ಕಡೆಯ ನೀರು ತಿಳಿಯಾಯಿತು.

ನನಗೆ ಕುತೂಹಲ ತಡೆಯಲಾಗಲಿಲ್ಲ. "ಅಯಸ್ಕಾಂತ ಎಳೆಯೋದು ಕಬ್ಬಿಣಾನಲ್ವಾ? ಮಸಿಗೇನು ಬಂತು, ಅದ್ಯಾಕೆ ಹಿಂದೆ ಹೋಗ್ತಿದೆ?"

ಮಗಳು ಪಾತ್ರೆಯತ್ತ ಬಗ್ಗಿ ನೋಡಿದಳು. ಆಮೇಲೆ ಆ ಕಪ್ಪಿನ ಒಂದು ಹನಿ ತೆಗೆದುಕೊಂಡು ಸೂಕ್ಷ್ಮದರ್ಶಕದ ಕೋಣೆಗೆ ಓಡಿದಳು.

ಮಧ್ಯಾಹ್ನ ಪರದೆಯ ಮೇಲೆ ಕಂಡದ್ದು ಪುಡಿಯಲ್ಲ, ಎಳೆಗಳು. ಸಿಕ್ಕುಗಟ್ಟಿದ ಕೂದಲಿನಂತೆ ಸಾವಿರಾರು. ಒಂದೊಂದರ ತುದಿಯಲ್ಲೂ ಕಬ್ಬಿಣದ ಚುಕ್ಕೆ. ಇಂಗಾಲ ಚುಕ್ಕೆಯ ಕೆಳಗಿನಿಂದ ಎಳೆಯಾಗಿ ಬೆಳೆದು, ಅದನ್ನು ಹೂಳುವ ಬದಲು ತಲೆಯ ಮೇಲೆ ಹೊತ್ತುಕೊಂಡಿತ್ತು. ಅದಕ್ಕೇ ಕಬ್ಬಿಣಕ್ಕೆ ಉಸಿರು ಕಟ್ಟಿರಲಿಲ್ಲ.

ಮುಖ್ಯಸ್ಥರು ಕನ್ನಡಕ ಏರಿಸಿ ನೋಡಿದರು. "ನಿಮ್ಮ ತಾಯಿ ಇಷ್ಟು ಉಜ್ಜಿದ್ರೂ ಒಂದನ್ನೊಂದು ಬಿಟ್ಟಿಲ್ಲ ಅಂದ್ರೆ ಗಟ್ಟಿ ನಂಟೇ ಬಿಡಮ್ಮ. ಒಟ್ಟು ಮಸಿ ಎಷ್ಟು ತೂಗ್ತು?"

"ತೂಗೋಕೆ ಮುಂಚೆನೇ ಒಂದಿಷ್ಟು ಬ್ರಷ್‌ಗೆ ಹೋಯ್ತು ಸರ್. ಇನ್ನೊಂದ್ಸಲ ಮಾಡ್ಬೇಕು."

"ಇನ್ನೊಂದು ವಾರ ಕುಲುಮೆ ಇಟ್ಕೊ." ಸಹಿ ಹಾಕಿ ಹೋದರು.

ನಾನು ಪರದೆ ಬಿಟ್ಟು ಕದಲಲಿಲ್ಲ. "ಕುಲುಮೆ ಆರಿಸದೇ ಇದ್ದಿದ್ರೆ ಇವು ಎಷ್ಟು ಉದ್ದ ಬೆಳೀತಿದ್ವೇ?"

"ಗೊತ್ತಿಲ್ಲಮ್ಮ," ಎಂದಳು. ಮುಂದಿನ ಪ್ರಯೋಗದ ಹಾಳೆಯಲ್ಲಿ ಇಪ್ಪತ್ತು ಗಂಟೆ ಎಂದಿದ್ದದ್ದನ್ನು ಹೊಡೆದುಹಾಕಿ ನಲವತ್ತು ಬರೆದಳು.