ಎದೆಯೊಳಗಿನ ಹಲ್ಲಿ

ನಾನೊಂದು ಬಾಗಿಲು. ಅರ್ಧಚಂದ್ರದ ಆಕಾರದ ಎರಡು ಕದ, ಅವನ್ನು ಹಿಡಿದಿಟ್ಟ ಒಂದು ಉಂಗುರ, ಹೊಲಿಯಲು ಉಂಗುರದ ಸುತ್ತ ಒಂದಿಷ್ಟು ಬಟ್ಟೆ. ನನ್ನ ಮೈಯೆಂದರೆ ಇಷ್ಟೇ. ಆಸ್ಪತ್ರೆಯವರು ವಾಲ್ವ್ ಎನ್ನುತ್ತಾರೆ. ಧೂಳೇ ಇಲ್ಲದ ಕೋಣೆಯಲ್ಲಿ, ಕಣ್ಣು ಮಾತ್ರ ಕಾಣುವಂತೆ ಮೈ ಮುಚ್ಚಿಕೊಂಡ ಜನ, ಇದ್ದಿಲಿನ ಜಾತಿಯ ಕಪ್ಪು ವಸ್ತುವಿನಿಂದ ನನ್ನನ್ನು ಮಾಡಿದರು. ಉಪ್ಪುನೀರಿನ ತೊಟ್ಟಿಯಲ್ಲಿಟ್ಟು ತೆರೆಸಿ ಮುಚ್ಚಿಸಿ ನೋಡಿದರು. ಮುಚ್ಚುವಾಗ ನಾನು ಟಿಕ್ ಎನ್ನುತ್ತೇನೆ. ನನಗೆ ಬರುವ ಮಾತು ಅದೊಂದೇ, ಅದಕ್ಕೆ ಅರ್ಥವೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಯಾರೂ ನಂಬಲಿಲ್ಲ.

ಡಬ್ಬಿಯಿಂದ ಎತ್ತಿ ನನ್ನನ್ನು ಇಟ್ಟದ್ದು ಬಡಿತ ನಿಲ್ಲಿಸಿದ್ದ ಒಂದು ಗುಂಡಿಗೆಯೊಳಗೆ. ಹಳೆಯ ಬಾಗಿಲನ್ನು ಆಗಷ್ಟೇ ಕತ್ತರಿಸಿ ತೆಗೆದಿದ್ದರು, ಅಂಚು ಇನ್ನೂ ಹಸಿಯಾಗಿತ್ತು. ಮನೆಯವರು ಮಲಗಿರುವಾಗ ಹೇಳದೆ ಕೇಳದೆ ಒಳಗೆ ಹೊಕ್ಕವನ ಹಾಗೆ ನಾನು ಹೆದರಿದೆ. ಹೊಲಿದರು, ರಕ್ತ ಬಿಟ್ಟರು. ಗುಂಡಿಗೆ ಒಮ್ಮೆ ನಡುಗಿ ಹೊಡೆದುಕೊಂಡಿತು. ನಾನು ಟಿಕ್ ಎಂದೆ. ಅಲ್ಲಿಂದಾಚೆಗೆ ನಾನು ಕಂಡದ್ದು ಏನೂ ಇಲ್ಲ, ಕೇಳಿದ್ದೇ ಎಲ್ಲ.

ಆಕೆ ಗುಂಡ್ಲುಪೇಟೆಯ ಗುರುಮಲ್ಲಮ್ಮ. ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರ ಆಕೆಯ ಬಾಗಿಲನ್ನು ಕೆಡಿಸಿತ್ತಂತೆ. ಎಚ್ಚರವಾದ ಮೇಲೆ ಆಕೆ ಆಡಿದ ಮೊದಲ ಮಾತು, "ನಂದ ಎಲ್ಲಿ ಹಾಕ್ಬುಟ್ರಿ?" ನರ್ಸಮ್ಮ ಓಲೆ ಮೂಗುತಿ ಇರಬೇಕೆಂದುಕೊಂಡು, ಎಲ್ಲ ನಿಮ್ಮ ಯಜಮಾನರ ಹತ್ತಿರ ಇದೆ ಎಂದಳು. ಆಕೆ ಕೇಳಿದ್ದು ತನ್ನ ಹಳೆಯ ಬಾಗಿಲನ್ನು. ಅದು ಎಲ್ಲಿ ಹೋಯಿತೆಂದು ಯಾರೂ ಹೇಳಲಿಲ್ಲ.

ಊರಲ್ಲಿ ಆಕೆಗೆ ಬುರುಡೆ ಗುರುಮಲ್ಲಿ ಎಂದೇ ಹೆಸರು. ಜಗಲಿಯ ಮೇಲೆ ಹೆಂಗಸರು ಕೂಡಿ ಹೂ ಕಟ್ಟುವಾಗ ಬುರುಡೆ ಬಿಡುವುದರಲ್ಲಿ ಆಕೆಯದು ಎತ್ತಿದ ಕೈ. ಕೈಗೆ ದಾರವೆಷ್ಟೋ ಆಕೆಯ ಬಾಯಿಗೆ ಸುಳ್ಳು ಅಷ್ಟು. ಯಾರಿಗೂ ಕೇಡಿಲ್ಲದ ಸುಳ್ಳುಗಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕು, ಇನ್ನೊಂದು ಬಿಡವ್ವ ಎನ್ನುತ್ತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಜಗಲಿಗೆ ಕುಳಿತ ದಿನ ತನ್ನ ಹಳೆಯ ಕತೆಯನ್ನೇ ತೆಗೆದಳು: ಬಂಡೀಪುರದ ಹುಲಿ ಬಂದು ನಮ್ಮಪ್ಪನ ಹೊಲದಲ್ಲಿ ಕುಂತು ಅವರೆಕಾಯಿ ಸುಲಿದು ತಿನ್ನುತ್ತಿತ್ತು ಎಂದು. ಹೇಳಿ, ನಗುವಿಗಾಗಿ ಬಾಯಿ ತೆರೆದೇ ಕಾದಳು. ಆ ಸಣ್ಣ ಸಂದಿನಲ್ಲಿ ನನ್ನ ಟಿಕ್ ಎಲ್ಲರಿಗೂ ಕೇಳಿಸಿತು.

ಮಾತಿನ ಬೆನ್ನಿಗೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜ ಎಂದು ಇಲ್ಲಿನ ನಂಬಿಕೆ. ಕೇಳಿದವರು ಬೆರಳಿನಿಂದ ನೆಲ ತಟ್ಟಿ "ಸತ್ಯ, ಸತ್ಯ" ಎನ್ನಬೇಕು. ಪಕ್ಕದ ಮನೆಯ ಶಿವನಾಗಮ್ಮ ನೆಲ ತಟ್ಟಿದಳು. ಯಾರೂ ನಗಲಿಲ್ಲ.

ಗುರುಮಲ್ಲಮ್ಮನಿಗೆ ನಗು ತಡೆಯಲಾಗಲಿಲ್ಲ. ಇದು ಹಲ್ಲಿಯಲ್ಲ, ಡಾಕ್ಟರು ಎದೆಯೊಳಗೆ ಇಟ್ಟಿರುವ ಮಿಷನ್ನು ಎಂದು ಬಿಡಿಸಿ ಹೇಳಿದಳು. ಹೇಳಿದ್ದೇ ತಪ್ಪಾಯಿತು. ಶಿವನಾಗಮ್ಮ, "ಗೋಡ ಮ್ಯಾಲಿನ ಹಲ್ಲಿ ಕೇಳ್ಕಂಡು ಹೇಳ್ತದ. ಇದು ಒಳಗ ಕೂತು ನೋಡಿ ಹೇಳ್ತದ ಕನವ್ವ" ಎಂದಳು.

ಆಮೇಲೆ ಜಗಲಿಯ ನಗು ಸತ್ತೇಹೋಯಿತು. ಮಗಳಿಗೆ ಗಂಡು ಯಾವಾಗ ಕೂಡಿಬರುತ್ತದೆ, ಕಳೆದ ಹಸು ಎಲ್ಲಿದೆ ಎಂದು ಕೇಳಲು ಜನ ಬಂದರು. ಏನು ಹೇಳಿದರೂ ಉಸಿರು ಬಿಗಿಹಿಡಿದು ನನಗಾಗಿ ಕಾಯುತ್ತಿದ್ದರು. ನಾನೇನು ಮಾಡಲಿ, ಗುಂಡಿಗೆ ಬಡಿದಾಗಲೆಲ್ಲ ಮುಚ್ಚಿಕೊಳ್ಳಲೇಬೇಕಲ್ಲ! ಆಕೆ ಮಾತು ಕಡಿಮೆ ಮಾಡಿದಳು, ಆಮೇಲೆ ತುಟಿಯನ್ನೇ ಬಿಗಿದಳು. ಎದೆ ಬಗೆದು ಗುರುಮಲ್ಲಿಯನ್ನು ತೆಗೆದು ಬೇರೆ ಯಾರನ್ನೋ ಇಟ್ಟು ಹೊಲಿದಿದ್ದಾರೆ ಎಂದು ಬೀದಿಯವರು ಆಡಿಕೊಂಡರು. ಒಂದು ದಿನ ಆಕೆ ಕನ್ನಡಿಯ ಮುಂದೆ ನಿಂತು, "ಮಾತಾಡ್ತಿರದು ನಾನಾ, ನೀನಾ?" ಎಂದು ಮೆಲ್ಲಗೆ ಕೇಳಿದಳು. ನಾನು ಟಿಕ್ ಎಂದೆ. ಕೇಳಿದವಳಿಗೂ ಭಯ, ನನಗೂ ಭಯ.

ಗಂಡ ಪುಟ್ಟಮಾದಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಹೊಸ ಇಂಜಿನ್ನಿಗೆ ವಾಲ್ವ್ ತಟ್ಟುವ ಟ್ಯಾಪೆಟ್ ಸದ್ದು ಇದ್ದದ್ದೇ ಎಂದು ಮೊದಮೊದಲು ನಗುತ್ತಿದ್ದ. ದೀಪಾವಳಿ ಹತ್ತಿರವಿತ್ತು. ಸಾರಿಗೆ ಉಪ್ಪು ಸಾಲದೆಂದು ಗೊಣಗಿದವನಿಗೆ ಆಕೆ ಹಳೆಯ ಚಾಳಿಯಲ್ಲಿ, ಈ ಹಬ್ಬ ನೀವು ನೋಡಕಿಲ್ಲ, ಸುಮ್ಮನೆ ಉಣ್ಣಿ ಎಂದುಬಿಟ್ಟಳು. ಮದುವೆಯಾದಾಗಿನಿಂದ ಇಂಥದ್ದನ್ನು ಎಷ್ಟು ಸಲ ಅಂದಿದ್ದಳೋ. ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಟಿಕ್. ತಟ್ಟೆಯ ಮೇಲೆ ಆತನ ಕೈ ಆಡುವ ಸದ್ದು ನಿಂತಿತು.

ಆತ ಹಾಸಿಗೆ ಹಿಡಿದ. ಜ್ವರವಿಲ್ಲ, ನೋವಿಲ್ಲ, ಅನ್ನ ಮಾತ್ರ ಸೇರದು. ಹೊಸ ಪಂಚೆ ತಂದರೆ, ನನಗ್ಯಾಕೆ ಎಂದ. ತಮಾಷೆಗೆ ಅಂದದ್ದು ಎಂದು ಗೋಗರೆದರೂ ಆತ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ದಿನ ಹೋದಂತೆ ಆತನ ದನಿ ತೆಳ್ಳಗಾಗುವುದು ನನಗೆ ಕೇಳುತ್ತಿತ್ತು. ಆಕೆಯ ಗುಂಡಿಗೆ ಹೆದರಿ ಓಡುತ್ತಿತ್ತು, ನಾನೂ ಅದರ ಜೊತೆಗೆ. ನನ್ನಿಂದ ಒಂದು ಜೀವ ಹೋಗುತ್ತಿದೆ, ಟಿಕ್ ಎನ್ನದೆ ಇರೋಣವೆಂದರೆ ಆಕೆಯ ಜೀವ ಹೋಗುತ್ತದೆ.

ಹಬ್ಬದ ನೀರು ತುಂಬುವ ದಿನ ಆಕೆ ಆತನ ತಲೆಯನ್ನು ಎತ್ತಿ ತನ್ನ ಎದೆಗೆ ಒತ್ತಿಕೊಂಡಳು. ಆತನ ಕಿವಿ ನನ್ನ ನೆತ್ತಿಯ ಮೇಲೇ ಇತ್ತು.

"ರೀ, ನಾ ಹುಟ್ಟಾ ಸುಳ್ಳಿ ಕನಾ."

ಟಿಕ್.

ಆತ ಕಿವಿಯನ್ನು ಇನ್ನಷ್ಟು ಒತ್ತಿದ. ಆಮೇಲೆ, "ಇದು ಹೂಂ ಅಂತದಲ್ಲ" ಎಂದ. "ನೀ ಸುಳ್ಳಿ ಅನ್ನದು ನಿಜ ಆದ್ರ, ನಾ ಸಾಯದು ಸುಳ್ಳು." ಬಿಚ್ಚಿದ ಇಂಜಿನ್ನನ್ನು ಜೋಡಿಸುವವನ ಹಾಗೆ ಅದನ್ನೇ ಮತ್ತೆ ಮತ್ತೆ ಹೇಳಿಕೊಂಡ. ಕೊನೆಗೆ ಆತನ ಹೊಟ್ಟೆಯಾಳದಿಂದ ನಗು ಬಂತು, ಆಕೆಯೂ ಅಳುತ್ತಲೇ ನಕ್ಕಳು. ಹಂಗಾದರೆ ಹುಲಿ ಕತೆಯೂ ಬುರುಡೆಯೇ ಎಂದು ಆತ ಕೇಳಿದ. ಹುಲಿ ಮಾತ್ರ ನಿಜ ಎಂದಳು. ನಾನು ಟಿಕ್ ಎಂದೆ. ಇಬ್ಬರೂ ತಟ್ಟನೆ ಸುಮ್ಮನಾದರು.

ಹಬ್ಬ ಬಂತು, ಹೋಯಿತು. ಆಕೆ ಮತ್ತೆ ಜಗಲಿಗೆ ಕುಳಿತು ಬುರುಡೆ ಬಿಟ್ಟಳು. ನಕ್ಕವರು ನಕ್ಕರು, ನೆಲ ತಟ್ಟುವವರು ತಟ್ಟಿದರು. ಹೀಗೆ ವರ್ಷಗಳು ಕಳೆದವು. ನಾನು ಸವೆಯಲಿಲ್ಲ, ನನ್ನ ಸುತ್ತಲಿನ ಗುಂಡಿಗೆ ಸವೆಯಿತು.

ಒಂದು ಮಧ್ಯಾಹ್ನ ಆಕೆ ಚಾಪೆಯ ಮೇಲೆ ಮಲಗಿದ್ದಳು, ಆತ ಕೈ ಹಿಡಿದು ಕುಳಿತಿದ್ದ. "ನಾ ಎಲ್ಗೂ ಹೋಗಕಿಲ್ಲ ಕನಾ. ಇಲ್ಲೇ ಇರ್ತೀನಿ" ಎಂದಳು. ಆತ ಬಾಗಿ ಕಿವಿಗೊಟ್ಟ. ನನ್ನ ಕದಗಳು ಅರ್ಧಕ್ಕೇ ನಿಂತಿದ್ದವು. ಮುಚ್ಚಿಕೊಳ್ಳಬೇಕೆಂದು ಎಷ್ಟು ಆಸೆಪಟ್ಟೆನೋ, ತಳ್ಳುವ ರಕ್ತವಿರಲಿಲ್ಲ. ಆತ ಕಾದ. ಆಗ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು. ಅದು ಗೋಡೆಯದೆಂದು ಆತನಿಗೆ ಗೊತ್ತಿತ್ತು. ಆದರೂ ನೆಲ ತಟ್ಟಿದ.

ತಮ್ಮ ಪದ್ಧತಿಯಂತೆ ಆಕೆಯನ್ನು ಕೂರಿಸಿ ಮಣ್ಣು ಕೊಟ್ಟರು. ಬಾಯಿ, ನಾಲಿಗೆ, ಗುಂಡಿಗೆ ಎಲ್ಲವನ್ನೂ ಮಣ್ಣು ತೆಗೆದುಕೊಂಡಿತು. ನನ್ನನ್ನು ಅದು ಮುಟ್ಟುವುದಿಲ್ಲ. ಪುಟ್ಟಮಾದಪ್ಪ ಆಗಾಗ ಬರುತ್ತಾನೆ. ಬೆರಳಿನಿಂದ ಮಣ್ಣು ತಟ್ಟಿ, "ಇದ್ದೀಯಾ?" ಎಂದು ಕೇಳಿ, ಸುಮ್ಮನೆ ಕಾಯುತ್ತಾನೆ. ಇಲ್ಲಿ ಇರುವವನು ನಾನೊಬ್ಬನೇ. ಹಾಗಾದರೆ ಅವತ್ತು ಇಲ್ಲೇ ಇರ್ತೀನಿ ಅಂದದ್ದು ಆಕೆಯೋ, ನಾನೋ?