ನೆವಿಲ್ ಬಾರಿಸದ ಡ್ರಮ್ಮು

ಹನ್ನೊಂದು ದಿನಗಳಿಂದ ಒಂದೇ ಡ್ರಮ್ಮಿನ ಸದ್ದನ್ನು ಕೇಳಿ ಕೇಳಿ ಕ್ಲಿಫರ್ಡ್ ಹೇನ್ಸ್‌ವರ್ತನ ಎಡಭುಜ ಕಲ್ಲಾಗಿತ್ತು. ಕಿವಿಯ ದಣಿವು ಅವನಿಗೆ ಯಾವಾಗಲೂ ಭುಜದಲ್ಲಿ ಕಾಣಿಸಿಕೊಳ್ಳುತ್ತಿತ್ತು. ಗಣಿ ಕಾರ್ಮಿಕರ ಹಿತ್ತಾಳೆ ವಾದ್ಯದ ತಂಡಗಳನ್ನೂ ಚರ್ಚಿನ ಹಾಡುಗಾರರನ್ನೂ ಇಪ್ಪತ್ತು ವರ್ಷ ಟೇಪಿಗೆ ಹಿಡಿದವನು ಅವನು. ಹ್ಯಾಲಿಫ್ಯಾಕ್ಸಿನ ಗುಡ್ಡದ ಮೇಲೆ, ಮಕ್ಕಳಿಲ್ಲದೆ ಮುಚ್ಚಿಹೋದ ಚರ್ಚ್ ಶಾಲೆಯೊಂದನ್ನು ಸ್ಟುಡಿಯೋ ಮಾಡಿಕೊಂಡಿದ್ದ. ಮೂರು ವರ್ಷದ ಹಿಂದೆ, ಮುಖಕ್ಕೆ ಸುಣ್ಣದಂಥ ಪೌಡರು ಬಳಿದುಕೊಂಡ ಹುಡುಗರ ತಂಡವೊಂದು ಬಂದಾಗ, ಹಾಡುವವನ ದನಿಯನ್ನು ಮೆಟ್ಟಿಲ ಬುಡದಲ್ಲಿ ಸ್ಪೀಕರಿನಿಂದ ಬಿಟ್ಟು, ಮೇಲಿನ ಮಹಡಿಯಲ್ಲಿ ಮೈಕಿಟ್ಟು ಹಿಡಿದಿದ್ದ. ದನಿ ಮೇಲೇರುವಷ್ಟರಲ್ಲಿ ಸಮಾಧಿಯೊಳಗಿಂದ ಬಂದ ಹಾಗಾಗಿತ್ತು. ಆ ರೆಕಾರ್ಡು ಓಡಿತು. ಅಂದಿನಿಂದ ಲೀಡ್ಸಿನಿಂದ ಹಲ್ ಪಟ್ಟಣದವರೆಗಿನ ಕರಿಕೋಟಿನ ತಂಡಗಳೆಲ್ಲ ಆ ಗುಡ್ಡ ಹತ್ತತೊಡಗಿದವು. ಎಲ್ಲರಿಗೂ ಅದೇ ಮೆಟ್ಟಿಲು ಬೇಕು.

ಎಂಬತ್ತೆರಡರ ಸೆಪ್ಟೆಂಬರಿನಲ್ಲಿ ಬಂದದ್ದು ಕೀತ್ಲಿಯ ನಾಲ್ವರು. ತಂಡಕ್ಕೆ ಟ್ಯಾಲೋ ಸ್ಟ್ರೀಟ್ ಎಂದು ಹೆಸರು. ಗಿಟಾರಿಗೆ ಏಡ್ರಿಯನ್, ಬೇಸಿಗೆ ಸ್ಟೂವರ್ಟ್. ಇಬ್ಬರೂ ಕಲಾಶಾಲೆಯಿಂದ ಆಗಷ್ಟೇ ಹೊರಬಿದ್ದವರು. ಹಾಡುವವಳು ರೋಸಲಿಂಡ್, ಊರಿನ ಲೈಬ್ರರಿಯಲ್ಲಿ ಕೆಲಸ, ಗಂಡಸಿನಷ್ಟು ತಗ್ಗಿನ ದನಿ. ಡ್ರಮ್ಮಿನವನು ನೆವಿಲ್ ಸಗ್ಡೆನ್. ಮೂವತ್ತು ದಾಟಿದವನು. ಉಣ್ಣೆ ಗಿರಣಿಯಲ್ಲಿ ಮಗ್ಗಗಳನ್ನು ರಿಪೇರಿ ಮಾಡಿ ಸರಿಗತಿಗೆ ತರುವುದು ಅವನ ಕೆಲಸ. ಗಿರಣಿ ಈಗ ವಾರಕ್ಕೆ ಎರಡೇ ದಿನ ನಡೆಯುತ್ತಿತ್ತು. ವ್ಯಾನು ಅವನದು. ಬೆಳಿಗ್ಗೆ ಹತ್ತಕ್ಕೆ ಎಲ್ಲರನ್ನೂ ಕರೆತರುತ್ತಿದ್ದ, ಸಂಜೆ ಆರಕ್ಕೆ ಕರೆದೊಯ್ಯುತ್ತಿದ್ದ.

ನೆವಿಲ್‌ನ ತಾಳ ಜಾರುತ್ತಿತ್ತು. ರೋಸಲಿಂಡ್ ಹಾಡುತ್ತಿರುವಾಗ ಅಲ್ಲಲ್ಲಿ ಕೂದಲೆಳೆಯಷ್ಟು ಹಿಂದೆ ಬೀಳುತ್ತಿದ್ದ, ಮತ್ತೆ ಮುಂದೆ ಬರುತ್ತಿದ್ದ. ಕ್ಲಿಫ್ ಅವನ ಡ್ರಮ್ಮಿನ ಮೇಲೆ ಕಂಬಳಿ ಹೊದಿಸಿ ನೋಡಿದ, ಒಂದೊಂದೇ ಮೈಕು ಸರಿಸಿ ನೋಡಿದ, ಕೊನೆಗೆ ಅವನ ಕಿವಿಗೆ ಟಕ್ ಟಕ್ ಎನ್ನುವ ಮೆಟ್ರೊನೋಮನ್ನೂ ಕೊಟ್ಟು ನೋಡಿದ. ಜಾರುವುದು ನಿಲ್ಲಲಿಲ್ಲ. ಹನ್ನೊಂದನೆಯ ದಿನ ಲಂಡನ್ನಿನಿಂದ ಫೋನು ಬಂತು. ರೆಕಾರ್ಡು ಕಂಪನಿಯ ಪಿಯರ್ಸ್.

"ಟೇಪ್ ಕೇಳಿದೆ ಕ್ಲಿಫ್. ಎಲ್ಲಾ ಚೆನ್ನಾಗಿದೆ, ಡ್ರಮ್ ಒಂದು ಬಿಟ್ಟು. ಕುಡಿದೋನು ಮನೆ ದಾರಿ ಹುಡುಕ್ತಿರೋ ಹಾಗಿದೆ."

"ಅವನು ಕುಡಿಯಲ್ಲ."

"ಇನ್ನೂ ಕಷ್ಟ ಆಯ್ತಲ್ಲ. ನೋಡಪ್ಪ, ನಾಳೆ ಒಂದು ಡ್ರಮ್ ಮಷೀನ್ ಬರುತ್ತೆ ನಿನಗೆ. ಅದನ್ನ ಹಾಕು. ಈಗ ಜನಕ್ಕೆ ಬೇಕಿರೋದು ಅದೇ, ಮಂಜುಗಡ್ಡೆ ಥರ ಇರ್ಬೇಕು. ಫೋಟೋನೂ ಮೂರೇ ಜನರದ್ದು ತೆಗೆಸ್ತೀವಿ. ಆ ನಾಲ್ಕನೇ ಮನುಷ್ಯನಿಗೆ ನೀನೇ ಹೇಳಿಬಿಡು. ಹುಡುಗರ ಕೈಲಿ ಆಗಲ್ಲ ಅದು."

ಹೇಳುವುದು ತನ್ನ ಪಾಲಿಗೇ ಬರುತ್ತದೆಂದು ಕ್ಲಿಫ್‌ಗೆ ಮೊದಲೇ ಗೊತ್ತಿತ್ತು. ಮರುದಿನ ಮಧ್ಯಾಹ್ನ ನೆವಿಲ್‌ನನ್ನು ಇಳಿಜಾರಿನ ತಿಂಡಿ ಅಂಗಡಿಗೆ ಕರೆದುಕೊಂಡು ಹೋದ. ಮಾಂಸದ ಪೈ, ಬೆಂದ ಬಟಾಣಿ. ಅರ್ಧ ತಿಂದ ಮೇಲೆ ಹೇಳಿದ. ಸುತ್ತಿ ಬಳಸಿ ಹೇಳುವ ಚೈತನ್ಯ ಅವನಲ್ಲಿರಲಿಲ್ಲ.

ನೆವಿಲ್ ಬಟಾಣಿಗೆ ವಿನೆಗರ್ ಹಾಕಿಕೊಂಡ. "ನಾನೂ ಕೇಳಿಸ್ಕೊಂಡೆ ಆ ಟೇಪನ್ನ. ಜಾರುತ್ತೆ."

"ಸ್ವಲ್ಪ."

"ಸ್ವಲ್ಪ ಏನಲ್ಲ ಬಿಡು. ಮಗ್ಗ ಹಾಗೆ ಓಡಿದ್ರೆ ನಾನು ಅವತ್ತೇ ಬಿಚ್ಚಿ ಹಾಕ್ತಿದ್ದೆ." ಇನ್ನೊಂದು ತುತ್ತು ತಿಂದ. "ಡ್ರಮ್ ಇವತ್ತೇ ಎತ್ಕೊಂಡು ಹೋಗ್ಲಾ, ಇಲ್ಲ ಗುರುವಾರ ಸಾಕಾ? ಹೆಂಗಿದ್ರೂ ದಿನಾ ಬರ್ತೀನಲ್ಲ."

"ದಿನಾ ಯಾಕೆ ಬರ್ತೀಯ?"

"ಮತ್ತೆ ಅವರು ಮೂರು ಜನ ಹೆಂಗ್ ಬರ್ತಾರೆ? ಆ ಆಂಪ್ಲಿಫೈಯರ್ ಹೊತ್ಕೊಂಡು ಬಸ್ಸಲ್ಲಾ?"

ಹಾಗೆ ನೆವಿಲ್ ಮಾರನೆಯ ದಿನವೂ ಬಂದ. ಹಜಾರದ ಬೆಂಚಿನ ಮೇಲೆ, ಮಕ್ಕಳ ಕೋಟು ತೂಗುಹಾಕುತ್ತಿದ್ದ ಗೂಟಗಳ ಕೆಳಗೆ, ಪೇಪರು ಬಿಡಿಸಿಕೊಂಡು ಕೂತ. ಒಳಗೆ ಅವನ ಡ್ರಮ್ಮುಗಳಿದ್ದ ಜಾಗದಲ್ಲಿ ಮೇಜು, ಮೇಜಿನ ಮೇಲೆ ಬ್ರೆಡ್ಡಿನ ಡಬ್ಬಿಯಷ್ಟು ದೊಡ್ಡ, ತಾನೇ ತಾಳ ಹಾಕುವ ಮಷೀನು. ಏಡ್ರಿಯನ್ನೂ ಸ್ಟೂವರ್ಟೂ ಹಜಾರದಲ್ಲಿ ಅವನನ್ನು ದಾಟಿ ಹೋಗುವಾಗ ಶೂಸಿನ ಲೇಸು ನೋಡಿಕೊಂಡು ಹೋದರು. ರೋಸಲಿಂಡ್ ಮಾತ್ರ ಅವನ ಪಕ್ಕ ಎರಡು ನಿಮಿಷ ಕೂತಳು.

ಮಷೀನು ತಪ್ಪಲಿಲ್ಲ. ತಪ್ಪಿದ್ದು ರೋಸಲಿಂಡ್. ಹಾಡುವ ಕೋಣೆಯ ಗಾಜಿನ ಆಚೆ ನಿಂತು ಅವಳು ಹಾಡಿದಳು, ನಿಲ್ಲಿಸಿದಳು, ಮತ್ತೆ ಹಾಡಿದಳು. ಸ್ವರ ಎಲ್ಲ ಸರಿಯಾಗಿತ್ತು. ಆದರೆ ಹಾಡು ಸತ್ತಿತ್ತು. ರೈಲು ನಿಲ್ದಾಣದಲ್ಲಿ ಹೊರಡುವ ಹೊತ್ತು ಹೇಳುವವರ ದನಿಯ ಹಾಗಿತ್ತು. ಕ್ಲಿಫ್ ಅದನ್ನು ಮೆಟ್ಟಿಲಿಗೆ ಕಳಿಸಿ ನೋಡಿದ, ಮೇಲೆ ಪ್ರತಿಧ್ವನಿ ಸುರಿದು ನೋಡಿದ. ಎಷ್ಟು ಸುರಿದರೂ ಹೆಣಕ್ಕೆ ಹೂ ಮುಡಿಸಿದ ಹಾಗೆ. ಹೀಗೇ ವಾರ ಕಳೆಯಿತು. ಇಪ್ಪತ್ತಮೂರನೆಯ ಸಲ ಅವಳು ಹೆಡ್‌ಫೋನ್ ತೆಗೆದಳು.

"ನನ್ ಕೈಲಿ ಆಗ್ತಿಲ್ಲ ಕ್ಲಿಫ್. ಎಲ್ಲಿ ಉಸಿರು ತಗೋಬೇಕು ಅಂತಾನೇ ಗೊತ್ತಾಗ್ತಿಲ್ಲ."

"ಮುಂಚೆ ಎಲ್ಲಿ ತಗೊಳ್ತಿದ್ದೆ?"

"ಯಾರಿಗ್ಗೊತ್ತು. ತಗೊಳ್ತಿದ್ದೆ ಅಷ್ಟೇ."

ಕ್ಲಿಫ್ ಎದ್ದು ಹಳೆಯ ಟೇಪು ಹುಡುಕಿ ಏರಿಸಿದ. ನೆವಿಲ್‌ನ ಡ್ರಮ್ಮನ್ನಷ್ಟೇ ಅವಳ ಕಿವಿಗೆ ಬಿಟ್ಟ. ಅವಳು ಕಣ್ಣು ಮುಚ್ಚಿ ಒಂದೇ ಸಲಕ್ಕೆ ಪೂರ್ತಿ ಹಾಡಿದಳು. ಕ್ಲಿಫ್‌ನ ಮುಂಗೈ ರೋಮ ನೆಟ್ಟಗಾಯಿತು. ಅಂಥದ್ದು ಆಗಿ ಎಷ್ಟೋ ಕಾಲವಾಗಿತ್ತು. ಆಮೇಲೆ ಸ್ಟಾಪ್‌ವಾಚ್ ಹಿಡಿದು, ಹಾಡಿನ ಸಾಲುಗಳನ್ನು ಬರೆದುಕೊಂಡು ಕೂತ. ಪ್ರತಿ ಮೂರನೆಯ ಸಾಲಿಗೆ ಮುಂಚೆ ಅವಳು ಉಸಿರೆಳೆದುಕೊಳ್ಳಲು ತುಸು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದಳು. ಡ್ರಮ್ಮು ಹಿಂದೆ ಬೀಳುತ್ತಿದ್ದುದು ಸರಿಯಾಗಿ ಅಲ್ಲೇ. ಬೇರೆಲ್ಲೂ ಅಲ್ಲ.

ನೆವಿಲ್ ಜಾರುತ್ತಿರಲಿಲ್ಲ, ಕಾಯುತ್ತಿದ್ದ. ಕಿವಿಯನ್ನೇ ನಂಬಿ ಅನ್ನ ತಿನ್ನುವ ತಾನು ಅದನ್ನು ಹನ್ನೊಂದು ದಿನ ಕೇಳಿಯೂ ಕೇಳಿಸಿಕೊಂಡಿರಲಿಲ್ಲ.

ಕ್ಲಿಫ್ ಪಿಯರ್ಸ್‌ಗೆ ಫೋನು ಮಾಡಿದ. ತಾನು ತಪ್ಪು ತಿಳಿದಿದ್ದೆ, ಡ್ರಮ್ಮಿನವನು ಬೇಕು ಎಂದ.

"ಕ್ಲಿಫ್, ಫೋಟೋ ಆಗಿಹೋಗಿದೆ," ಅಂದ ಪಿಯರ್ಸ್. "ಮೂರು ಜನ, ಒಂದು ಮಷೀನ್. ಪತ್ರಿಕೆಯವರಿಗೂ ಹೇಳಾಗಿದೆ. ನಿನಗೆ ಸುಸ್ತಾಗಿದ್ರೆ ಹೇಳು, ಟೇಪ್ ಇಲ್ಲಿಗೆ ಕಳಿಸು, ಬೇರೆಯವರು ಮುಗಿಸ್ತಾರೆ."

ಸುಸ್ತಾಗಿತ್ತು. ಆದರೆ ಟೇಪನ್ನು ಬೇರೆಯವರ ಕೈಗೆ ಕೊಡುವಷ್ಟಲ್ಲ. ಜಗಳ ಆಡುವ ತ್ರಾಣವೂ ಇರಲಿಲ್ಲ. "ನೋಡ್ತೀನಿ," ಎಂದು ಫೋನಿಟ್ಟ. ಆಗ ಒಂದು ಮಾತು ಗಟ್ಟಿಯಾಗಿ ಹೇಳಿದ್ದರೆ ಏನಾಗುತ್ತಿತ್ತೋ ಎಂದು ಅವನು ಮುಂದೆ ಎಷ್ಟೋ ಸಲ ಯೋಚಿಸಿದ್ದುಂಟು. ಹೇಳಲಿಲ್ಲ. ಹಜಾರಕ್ಕೆ ಹೋಗಿ ನೆವಿಲ್‌ನ ಮುಂದೆ ನಿಂತ.

"ನಿನ್ನನ್ನ ಒಂದು ಕೇಳಬೇಕು. ಬೈದ್ರೂ ಬೈ."

ನೆವಿಲ್ ಪೇಪರು ಮಡಿಸಿದ.

"ಮಷೀನಿಗೆ ವೇಗದ ತಿರುಪು ಒಂದಿದೆ. ಅವಳು ಹಾಡ್ತಾ ಇರುವಾಗ ಅದನ್ನ ಯಾರಾದ್ರೂ ತಿರುಗಿಸ್ತಾ ಇರಬೇಕು. ಎಲ್ಲಿ ನಿಧಾನ ಮಾಡಬೇಕು, ಎಷ್ಟು ಮಾಡಬೇಕು ಅಂತ ಗೊತ್ತಿರೋನು ನೀನೊಬ್ಬನೇ."

ನೆವಿಲ್ ಪೇಪರನ್ನು ಪಕ್ಕಕ್ಕಿಟ್ಟ. "ನನ್ನ ಜಾಗಕ್ಕೆ ಬಂದಿರೋ ಡಬ್ಬಕ್ಕೆ ನಾನೇ ಪಾಠ ಹೇಳ್ಕೊಡಬೇಕು."

"ಹೌದು."

"ನೀನೂ ಸರಿ ಇದ್ದೀಯ ಕಣಯ್ಯ," ಅಂದ ನೆವಿಲ್. ಎದ್ದು ಒಳಗೆ ಬಂದ.

ಮೊದಲು ಮಷೀನಿನ ಮೇಲೆ ಅಂಗೈ ಊರಿ, ಅದು ಮಿಡಿಯುವುದನ್ನು ಸ್ವಲ್ಪ ಹೊತ್ತು ನೋಡಿದ. ಮಗ್ಗದ ಮೈ ಮುಟ್ಟಿ ಒಳಗಿನ ರೋಗ ತಿಳಿಯುವವನ ಅಭ್ಯಾಸ. ಆಮೇಲೆ ಮೇಜನ್ನೂ ಒಂದು ಕುರ್ಚಿಯನ್ನೂ ಗಾಜಿನ ಹತ್ತಿರಕ್ಕೆ ಎಳೆದುಕೊಂಡು, ರೋಸಲಿಂಡಳ ಮುಖಕ್ಕೆ ನೇರವಾಗಿ ಕೂತ. ಕ್ಲಿಫ್ ಹೆಡ್‌ಫೋನ್ ಕೊಡಹೋದರೆ ಬೇಡವೆಂದ.

"ಕೇಳಿಸದೆ ಹೆಂಗೆ ಮಾಡ್ತೀಯ?"

"ಗಿರಣೀಲಿ ಯಾರಿಗೆ ಏನು ಕೇಳಿಸುತ್ತೆ? ಇನ್ನೂರು ಮಗ್ಗ ಹೊಡ್ಕೊಳ್ತಿರ್ತವೆ. ಅಲ್ಲೇ ಮಗ್ಗ ನೋಡ್ಕೊಳ್ತಿದ್ದ ನಮ್ಮಮ್ಮ ನಲವತ್ತಡಿ ದೂರದಿಂದ ಊಟಕ್ಕೆ ಏನು ಮಾಡಿದೀನಿ ಅಂತ ಬರೀ ತುಟೀಲಿ ಹೇಳೋಳು. ಇವಳದ್ದೂ ಅಷ್ಟೇ. ಉಸಿರು ಎಳೆಯೋಕೆ ಮುಂಚೆ ಗದ್ದ ಒಂಚೂರು ಕೆಳಗೆ ಬರುತ್ತೆ. ಅದನ್ನ ನೋಡ್ಕೊಂಡೇ ನಾನು ಬಾರಿಸ್ತಿದ್ದುದು."

ಟೇಪು ತಿರುಗಿತು. ರೋಸಲಿಂಡ್ ಹಾಡಿದಳು. ನೆವಿಲ್‌ನ ಎರಡು ಬೆರಳು ತಿರುಪನ್ನು ಒಂದು ಅಕ್ಕಿಕಾಳಿನಷ್ಟು ಹಿಂದಕ್ಕೆ, ಮತ್ತೆ ಅಷ್ಟೇ ಮುಂದಕ್ಕೆ ತಿರುಗಿಸುತ್ತಿದ್ದವು. ಮಷೀನಿನ ಆ ಪೆಡಸು ಸದ್ದು ಮೂರನೆಯ ಸಾಲಿನ ಅಂಚಿಗೆ ಬಂದು ಅವಳಿಗಾಗಿ ನಿಂತಿತು. ಅವಳು ಉಸಿರೆಳೆದುಕೊಂಡಳು, ಅದು ಹೊರಟಿತು. ಹಾಡು ಮುಗಿದಾಗ ಅವಳು ಗಾಜಿನ ಆಚೆಯಿಂದ ನೆವಿಲ್‌ನನ್ನು ನೋಡಿ, ಸದ್ದಿಲ್ಲದೆ ತುಟಿಯಲ್ಲೇ ಏನೋ ಹೇಳಿದಳು. ಅವನು ತಲೆಯಾಡಿಸಿದ.

ನಾಲ್ಕು ದಿನದಲ್ಲಿ ಒಂಬತ್ತು ಹಾಡೂ ಹಾಗೇ ಮುಗಿದವು. ಗಿಟಾರನ್ನೂ ಬೇಸನ್ನೂ ಮತ್ತೆ ಮೊದಲಿಂದ ಬಾರಿಸಬೇಕಾಯಿತೆಂದು ಏಡ್ರಿಯನ್ ಗೊಣಗಿದ. ಕ್ಲಿಫ್ ಬೇಸನ್ನು ಮುಂದೆ ತಂದ, ಗಿಟಾರನ್ನು ಒದ್ದೆ ಗಾಜಿನ ಹಾಗೆ ತೆಳ್ಳಗೆ ಮಾಡಿ ಹಿಂದೆ ಸರಿಸಿದ, ದನಿಯನ್ನು ಮೆಟ್ಟಿಲ ಮೇಲಕ್ಕೆ ಕಳಿಸಿದ. ನೆವಿಲ್ ಬಾರಿಸಿದ ಒಂದು ಪೆಟ್ಟೂ ಆ ಟೇಪಿನಲ್ಲಿ ಉಳಿಯಲಿಲ್ಲ.

ರೆಕಾರ್ಡಿನ ಹೊದಿಕೆಗೆ ಹೆಸರುಗಳನ್ನು ಬರೆದು ಕಳಿಸುವಾಗ ಕ್ಲಿಫ್ ನಾಲ್ಕನೆಯದಾಗಿ ನೆವಿಲ್ ಸಗ್ಡೆನ್ ಎಂದು ಬರೆದ. ಎರಡು ದಿನಕ್ಕೆ ಪಿಯರ್ಸ್ ಫೋನು ಮಾಡಿದ.

"ಇವನು ಏನು ಬಾರಿಸಿದಾನೆ ಇದರಲ್ಲಿ?"

"ಏನೂ ಬಾರಿಸಿಲ್ಲ."

"ಮತ್ತೆ?"

ಹೇಳಹೊರಟರೆ ಉದ್ದವಾಗುತ್ತಿತ್ತು. ಅವತ್ತು ಭುಜ ಬೇರೆ ಎತ್ತಲು ಬರುತ್ತಿರಲಿಲ್ಲ, ಬಾಗಿಲಲ್ಲಿ ಹಡರ್ಸ್‌ಫೀಲ್ಡಿನ ಇನ್ನೊಂದು ತಂಡ ಕಾಯುತ್ತಿತ್ತು. "ಸರಿ, ತೆಗೆದುಬಿಡು," ಎಂದ.

ನವೆಂಬರಿನಲ್ಲಿ ರೆಕಾರ್ಡು ಬಂತು. ಪತ್ರಿಕೆಗಳು ಹೊಗಳಿದವು. ಮನುಷ್ಯನ ಕೈ ಸೋಕದ ಸಂಗೀತ, ಹೆಪ್ಪುಗಟ್ಟಿದ ಕಾಲುವೆಯ ಮೇಲೆ ನಡೆದಂತಿದೆ ಎಂದು ಒಂದು ಪತ್ರಿಕೆ ಬರೆಯಿತು. ಕ್ಲಿಫ್‌ನ ಹೆಂಡತಿ ಡೋರೀನ್ ಅದನ್ನು ಬೆಳಗಿನ ತಿಂಡಿಯ ಹೊತ್ತಿಗೆ ಗಟ್ಟಿಯಾಗಿ ಓದಿದಳು. ಅವನು ಸುಟ್ಟ ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದ. ಆಮೇಲೆ ಬಂದ ತಂಡಗಳಿಗೆ ಮೆಟ್ಟಿಲ ಹುಚ್ಚು ಬಿಟ್ಟು ಮಷೀನಿನ ಹುಚ್ಚು ಹಿಡಿಯಿತು. ಯಾವ ಮಷೀನು, ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದರು. ಕ್ಲಿಫ್ ಮಾದರಿ ಹೇಳುತ್ತಿದ್ದ. ಅವರು ಕೊಳ್ಳುತ್ತಿದ್ದರು. ಅವರ ಮಷೀನು ಯಾರಿಗಾಗಿಯೂ ನಿಲ್ಲುತ್ತಿರಲಿಲ್ಲ. ಏನೋ ಕಡಿಮೆಯಾಗಿದೆ ಎಂದು ಕ್ಲಿಫ್‌ನ ಕಡೆ ನೋಡುತ್ತಿದ್ದರು.

ಏಪ್ರಿಲ್ಲಿನಲ್ಲಿ ರೋಸಲಿಂಡ್ ಒಬ್ಬಳೇ ಬಂದಳು. ತೆಳ್ಳಗಾಗಿದ್ದಳು. ಊರೂರಿಗೆ ಹೋಗಿ ಹಾಡಿ ಬಂದಿದ್ದರು, ವೇದಿಕೆಯ ಮೇಲೆ ಮಷೀನನ್ನು ಇಟ್ಟುಕೊಂಡು.

"ಅದರ ಹಿಂದೆ ಓಡಿ ಓಡಿ ಸಾಕಾಯ್ತು," ಅಂದಳು. "ಏಡ್ರಿಯನ್‌ಗೆ ತಿರುಪು ಹಿಡಿಯೋಕೆ ಹೇಳಿದೆ. ಅವನು ನನ್ನ ನೋಡೋದೇ ಇಲ್ಲ, ಮುಂದಿರೋ ಜನರನ್ನ ನೋಡ್ತಾನೆ. ನೆವ್ ಮನೆಗೆ ಹೋಗಿದ್ದೆ. ಬರಲ್ಲ ಅಂದ."

"ಕೋಪಾನಾ?"

"ಕೋಪ ಇದ್ದಿದ್ರೆ ಚೆನ್ನಾಗಿತ್ತು. ಟೀ ಕೊಟ್ಟ. ನಾನಿನ್ನು ಲೈಬ್ರರಿಗೇ ವಾಪಸ್ ಹೋಗ್ತೀನಿ ಕ್ಲಿಫ್. ಅವರಿಬ್ಬರೂ ಏನು ಬೇಕಾದ್ರೂ ಮಾಡ್ಕೊಳ್ಳಲಿ."

ಕ್ಲಿಫ್ ಅವಳನ್ನು ಬಸ್ಸಿನವರೆಗೆ ಬಿಟ್ಟು ಬಂದ. ಮುಂದಿನ ಶನಿವಾರ ತಾನೇ ಕೀತ್ಲಿಗೆ ಹೋದ. ಗಿರಣಿ ಫೆಬ್ರವರಿಯಲ್ಲಿ ಮುಚ್ಚಿತ್ತು. ನೆವಿಲ್ ಈಗ ಒಂದು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ. ಮನೆಯ ಹಿಂದಿನ ಅಂಗಳದಲ್ಲಿ ವ್ಯಾನಿನ ಕೆಳಗೆ ಮಲಗಿದ್ದವನು ಎದ್ದು, ಕೈ ಒರೆಸಿಕೊಂಡು, ಗೋಡೆಗೆ ಒರಗಿ ನಿಂತ. ಕ್ಲಿಫ್ ಕೂಡ ಒರಗಿದ. ಎದುರಿನ ಮನೆಯಾಕೆ ಹಗ್ಗದ ಮೇಲೆ ಚಾದರ ಹರವುತ್ತಿದ್ದಳು.

"ನಿನ್ನ ಹೆಸರು ಹಾಕಿಸಬೇಕಿತ್ತು ನಾನು," ಅಂದ ಕ್ಲಿಫ್.

"ಹಾಕಿಸಬೇಕಿತ್ತು," ಅಂದ ನೆವಿಲ್.

ಪರವಾಗಿಲ್ಲ ಬಿಡು ಎಂದಾನೆಂದು ಕ್ಲಿಫ್ ಕಾದ. ನೆವಿಲ್ ಅನ್ನಲಿಲ್ಲ.

"ನಮ್ಮಮ್ಮ ಆ ರೆಕಾರ್ಡನ್ನ ಅಂಗಡೀಲಿ ಕೊಂಡ್ಕೊಂಡು ಬಂದ್ಳು. ಕನ್ನಡಕ ಹಾಕ್ಕೊಂಡು ಹಿಂದೆ ಮುಂದೆ ಪೂರ್ತಿ ಓದಿದ್ಳು. ಸಣ್ಣಕ್ಷರದಲ್ಲಿ ಅಚ್ಚು ಹಾಕ್ದೋರ ಹೆಸರೂ ಇತ್ತು, ಅದನ್ನೂ ಓದಿದ್ಳು. ಆಮೇಲೆ ಬೀರೂಲಿ ಇಟ್ಳು. ಏನೂ ಕೇಳಲಿಲ್ಲ."

"ಹಾಡು ಕೇಳಿದ್ರಾ?"

"ಅವಳಿಗೆಲ್ಲಿ ಕೇಳಿಸುತ್ತೆ. ಮೂವತ್ತು ವರ್ಷ ಮಗ್ಗದ ಮುಂದೆ ನಿಂತೋಳು." ನೆವಿಲ್ ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ಮಂಗಳವಾರ ಚರ್ಚ್ ಹಾಲಲ್ಲಿ ಪುಟ್ಟ ಮಕ್ಕಳ ಡ್ಯಾನ್ಸ್ ಕ್ಲಾಸಿಗೆ ಡ್ರಮ್ ಬಾರಿಸ್ತೀನಿ. ಅವು ಎಲ್ಲಿ ಬೇಕಾದ್ರೂ ನಿಂತುಬಿಡ್ತವೆ. ಒಂದಂತೂ ಮಧ್ಯದಲ್ಲೇ ಕಾಲುಚೀಲ ಎಳ್ಕೊಳ್ಳೋಕೆ ನಿಲ್ಲುತ್ತೆ. ನಾನೂ ನಿಲ್ತೀನಿ."

ಇಷ್ಟು ಹೇಳಿ ಅವನು ಮತ್ತೆ ವ್ಯಾನಿನ ಕೆಳಗೆ ಸರಿದ. ಕ್ಲಿಫ್ ಸ್ವಲ್ಪ ಹೊತ್ತು ಅಲ್ಲೇ ನಿಂತು, ಅವನು ಕೈಚಾಚಿದಾಗ ಎರಡು ಸಲ ಬೋಲ್ಟು ಎತ್ತಿಕೊಟ್ಟು, ಹೊರಟ.

ಮನೆಯಲ್ಲಿ ಡೋರೀನ್ ತಟ್ಟೆಗೆ ಆಲೂಗಡ್ಡೆ ಬಡಿಸುತ್ತಾ ಕೇಳಿದಳು. "ಏನಂದ?"

"ಹಾಕಿಸಬೇಕಿತ್ತು ಅಂದ."

"ಅಷ್ಟೇನಾ?"

"ಅಷ್ಟೇ," ಎಂದು ಕ್ಲಿಫ್ ಕುರ್ಚಿ ಎಳೆದುಕೊಂಡು ಊಟಕ್ಕೆ ಕೂತ.