ಕರಿ ಡಾಜಿನ ಸಾವಕಾರರು

ಜಮಖಂಡಿ ಸೀಮೆಯ ಹಳೆ ಮೋಟಾರು ಸಂಘದಲ್ಲಿ ಗಾಡಿಗಳು ಐದು, ಸದಸ್ಯರು ಐವರು, ನಿಯಮ ಮಾತ್ರ ಒಂದೇ. ಗಾಡಿ ಯಾರದೋ ಅವರೇ ಓಡಿಸಬೇಕು. ಓಡಿಸಲು ಆಗದ ದಿನ ಸಂಘಕ್ಕೆ ಕೈಮುಗಿದು ಮನೆಯಲ್ಲಿರಬೇಕು. ಡ್ರೈವರನ್ನು ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಮೆರೆಯುವವರಿಗೆ ಇಲ್ಲಿ ಜಾಗವಿಲ್ಲ.

ಈ ನಿಯಮ ಮಾಡಿದವರು ಸಂಘದ ಅಧ್ಯಕ್ಷರು, ರಬಕವಿಯ ಗಿರಿಮಲ್ಲಪ್ಪ ಸಾವಕಾರರು. ಸೀರೆ ವ್ಯಾಪಾರದಲ್ಲಿ ತಲೆ ಹಣ್ಣಾದ ಮನುಷ್ಯ. ಎಪ್ಪತ್ತು ದಾಟಿದ್ದರೂ ಮೀಸೆ ತಿರುವುವುದನ್ನು ಬಿಟ್ಟಿರಲಿಲ್ಲ. ಅವರ ಕರಿ ಡಾಜ್ ಗಾಡಿ ವಯಸ್ಸಿನಲ್ಲಿ ಅವರಿಗಿಂತ ಎರಡು ವರ್ಷ ದೊಡ್ಡದು. ಹೆಂಡತಿ ಕಾವೇರಿ ತೀರಿಕೊಂಡ ಮೇಲೆ ಮಕ್ಕಳು ಅಂಗಡಿ, ಮಗ್ಗ ಎಲ್ಲ ವಹಿಸಿಕೊಂಡು ಅಪ್ಪನಿಗೆ ಆರಾಮ ಕೊಟ್ಟರು. ಆರಾಮ ಎಂಬುದು ಎಷ್ಟು ಕೆಟ್ಟ ಕೊಡುಗೆ ಎಂದು ಮಕ್ಕಳಿಗೇನು ಗೊತ್ತು! ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನ, ಆ ಡಾಜಿನ ಸ್ಟೇರಿಂಗ್ ಹಿಡಿದಾಗ ಮಾತ್ರ ಅವರು ಮತ್ತೆ ಗಿರಿಮಲ್ಲಪ್ಪ ಸಾವಕಾರರಾಗುತ್ತಿದ್ದರು.

ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡುವುದು ನಮ್ಮ ಕಡೆ ಟ್ರ್ಯಾಕ್ಟರಿಗೂ ಉಂಟು, ಆಟೋಗೂ ಉಂಟು. ಸಂಘದವರು ಅದನ್ನೇ ಕೂಟ ಮಾಡಿಕೊಂಡಿದ್ದರು. ಪ್ರತಿ ಅಮಾವಾಸ್ಯೆಗೆ ಒಬ್ಬೊಬ್ಬರ ಊರಿನಲ್ಲಿ ಸೇರುವುದು, ಗಾಲಿಗೊಂದರಂತೆ ನಿಂಬೆಹಣ್ಣು ಇಡುವುದು, ಅವನ್ನು ಒಡೆದುಕೊಂಡು ಗಾಡಿ ಮುಂದೆ ಸಾಗುವುದು, ಆಮೇಲೆ ಊಟ. ವರ್ಷ ಶುರುವಾಗುವುದು ಎಳ್ಳಮಾವಾಸ್ಯೆಗೆ, ಗಲಗಲಿಯ ಹೊಳೆದಂಡೆಯಲ್ಲಿ.

ಹೋದ ಎಳ್ಳಮಾವಾಸ್ಯೆಯಂದು ಅಲ್ಲಿಯೇ ಮಹಾಲಿಂಗನಿಗೆ ಗುಟ್ಟು ತಿಳಿದದ್ದು. ಮಹಾಲಿಂಗ ಜಮಖಂಡಿಯ ಅಂಚೆ ಕಚೇರಿಯ ನೌಕರ, ಸಂಘದ ಕಾರ್ಯದರ್ಶಿ. ಅಪ್ಪ ಕುರಿ ಕಾಯ್ದವನು. ಈಗಲೂ ಮಹಾಲಿಂಗ ತನ್ನ ಫಿಯೆಟ್ಟಿನ ಮುಖಕ್ಕೆ ಬೀರೇಶ್ವರನ ಭಂಡಾರದ ಅರಿಶಿನ ಬಳಿಯದೆ ಗಾಡಿ ಎತ್ತುವುದಿಲ್ಲ. ಆ ಫಿಯೆಟ್ಟನ್ನು ಗುಜರಿಯಿಂದ ಎತ್ತಿನ ಬಂಡಿಯಲ್ಲಿ ಹೇರಿಕೊಂಡು ತಂದ ದಿನ ಓಣಿಗೆ ಓಣಿಯೇ ನಕ್ಕಿತ್ತು. ನಗದೆ ತೋಳು ಏರಿಸಿ ಗಾಡಿಯ ಕೆಳಗೆ ತೂರಿದವರು ಗಿರಿಮಲ್ಲಪ್ಪ ಒಬ್ಬರೇ. ಎಷ್ಟೋ ಭಾನುವಾರ ಎಣ್ಣೆ ಮೆತ್ತಿಕೊಂಡು ಅದಕ್ಕೆ ಜೀವ ತಂದರು, ಮಹಾಲಿಂಗನಿಗೆ ಓಡಿಸುವುದನ್ನೂ ಕಲಿಸಿದರು. ಅಪ್ಪನಿಗೆ ಕೊಡುವಷ್ಟೇ ಮರ್ಯಾದೆಯನ್ನು ಅವನು ಅವರಿಗೆ ಕೊಡುತ್ತಿದ್ದ. ನಿಜ ಹೇಳಬೇಕೆಂದರೆ ತುಸು ಹೆಚ್ಚೇ.

ಆ ದಿನ ಡಾಜಿನ ಮುಂದೆ ಇಟ್ಟ ನಿಂಬೆಹಣ್ಣೊಂದು ಇಳಿಜಾರಿಗೆ ಉರುಳಿ ಗಿರಿಮಲ್ಲಪ್ಪನವರ ಚಪ್ಪಲಿಯ ಪಕ್ಕದಲ್ಲೇ ನಿಂತಿತು. ಅವರು ಬಗ್ಗಿ ಹುಡುಕಿದರು. ಅತ್ತ ನೋಡಿದರು, ಇತ್ತ ನೋಡಿದರು. ಹಣ್ಣು ಕಾಲ ಬುಡದಲ್ಲೇ ಹಳದಿಯಾಗಿ ಹೊಳೆಯುತ್ತಿದ್ದರೂ ಅವರಿಗೆ ಸಿಗಲಿಲ್ಲ.

"ಕಾಕಾ, ಇಲ್ಲೇ ಐತ್ರಿ," ಎಂದು ಮಹಾಲಿಂಗ ಎತ್ತಿ ಗಾಲಿಗೆ ಒತ್ತಿಟ್ಟ.

"ಬಿಸಲಿಗೆ ಕಣ್ಣ ಕುಕ್ಕಾಕತ್ತಾವಲೇ," ಎಂದು ಅವರು ನಕ್ಕರು.

ನಗು ಸರಿಯಾಗಿಯೇ ಇತ್ತು. ಆದರೆ ಮಹಾಲಿಂಗನಿಗೆ ಮಾತು ನಂಬಿಕೆಯಾಗಲಿಲ್ಲ. ಅಂದಿನಿಂದ ಅವರನ್ನು ಕಣ್ಣಿಟ್ಟು ನೋಡತೊಡಗಿದ. ಪಕ್ಕದಿಂದ ಚಹಾದ ಕಪ್ಪು ಚಾಚಿದರೆ ಅವರು ತೆಗೆದುಕೊಳ್ಳುತ್ತಿರಲಿಲ್ಲ, ಎದುರಿಗೆ ಹಿಡಿದರೆ ತೆಗೆದುಕೊಳ್ಳುತ್ತಿದ್ದರು. ನೆಟ್ಟಗಿದ್ದದ್ದು ಕಾಣುತ್ತಿತ್ತು, ಎಡಬಲ, ಕೆಳಗೆ ಏನೂ ಇಲ್ಲ. ಮಹಾಲಿಂಗನ ಸೋದರಮಾವನಿಗೂ ಹೀಗೇ ಆಗಿತ್ತು. ಕಣ್ಣಿನ ನರ ಒಣಗಿದೆ, ಹೋದದ್ದು ಮರಳುವುದಿಲ್ಲ ಎಂದು ಮಿರಜಿನ ವೈದ್ಯರು ಹೇಳಿದ್ದರು.

ಹೇಳಬೇಕಿತ್ತು. ಹೇಳಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ನಿಯಮ ಅವರದೇ, ತಮ್ಮ ನಿಯಮಕ್ಕೆ ತಾವೇ ತಲೆಬಾಗಿ ಕೀಲಿಕೈ ಕೆಳಗಿಡುವ ಹಟಮಾರಿ ಮನುಷ್ಯ ಅದು. ಆಮೇಲೆ ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಕೂತು ಗಿರಾಕಿಗಳ ಚಪ್ಪಲಿ ಕಾಯಬೇಕು. ಡಾಜ್ ಹೋದರೆ ಮುದುಕ ಹೋದಂತೆಯೇ ಎಂದು ಮಹಾಲಿಂಗ ಬಾಯಿ ಹೊಲಿದುಕೊಂಡ. ಹೆಂಡತಿ ಭಾಗ್ಯಾಳಿಗೂ ಹೇಳಲಿಲ್ಲ.

ಹೇಳದಿದ್ದರೆ ಅವರನ್ನು ಕಾಯಬೇಕಲ್ಲ, ಕಾದ. ಯುಗಾದಿ ಅಮಾವಾಸ್ಯೆಗೆ ಬನಹಟ್ಟಿಯಲ್ಲಿ ಎಲ್ಲರಿಗಿಂತ ಮೊದಲು ಹೋಗಿ ತಾನೇ ಡಾಜಿಗೆ ನಿಂಬೆಹಣ್ಣು ಇಟ್ಟ. ದಾರಿಯಲ್ಲಿ ತನ್ನ ಫಿಯೆಟ್ಟನ್ನು ಡಾಜಿನ ಬೆನ್ನಿಗೇ ಬಿಟ್ಟುಕೊಂಡು, ತಿರುವು ಬಂದಾಗಲೆಲ್ಲ ಹಾರ್ನ್ ಹೊಡೆದ. ಅಧ್ಯಕ್ಷರ ಗಾಡಿಯನ್ನು ದಾಟುವುದು ಸಂಘದಲ್ಲಿ ಅಗೌರವ, ಹಾಗಾಗಿ ಹಿಂದಿನಿಂದಲೇ ಈ ಸೇವೆ.

"ಮಾಲಿಂಗನ ಹಾರ್ನಿಗೆ ಜಡ್ಡ ಬಂದೈತಿ, ಬಡಕೊಳ್ಳೂದ ಬಿಡವಲ್ದು," ಎಂದು ಗಿರಿಮಲ್ಲಪ್ಪ ಊಟದ ಹೊತ್ತಿಗೆ ಎಲ್ಲರನ್ನೂ ನಗಿಸಿದರು. ಮಹಾಲಿಂಗನೂ ನಕ್ಕ.

ಆ ವರ್ಷ ಉಳಿದವರಿಗೂ ಏನೋ ಆದಂತಿತ್ತು. ಬನಹಟ್ಟಿಯ ನೂಲಿನ ವ್ಯಾಪಾರಿ ಶಿವಾಜಿ ಗಾಳಿಯಂತೆ ಹೋಗುವವನು, ಈಗ ಹಠ ಹಿಡಿದು ಪೈಲಟ್ ಗಾಡಿಯ ಕೆಲಸ ತೆಗೆದುಕೊಂಡ. ಡಾಜಿನ ಮುಂದೆ ತನ್ನ ಅಂಬಾಸಿಡರನ್ನು ಮದುವೆ ಮೆರವಣಿಗೆಯ ಹಾಗೆ ಓಡಿಸುತ್ತ, ತಿರುವಿಗೆ ಅರ್ಧ ಮೈಲಿ ಮೊದಲೇ ದೀಪ ಮಿನುಗಿಸುತ್ತಿದ್ದ. ಮಣ್ಣೆತ್ತಿನ ಅಮಾವಾಸ್ಯೆಗೆ ಮುಧೋಳದಲ್ಲಿ ಮಳೆ ಹಿಡಿದಾಗ, ಜೀಪಿನ ಮಾಲೀಕ ಹಣಮಪ್ಪ ಛತ್ರಿ ಹಿಡಿದು ಡಾಜಿನ ಮುಂದೆ ನಡೆದುಕೊಂಡೇ ಓಣಿ ದಾಟಿಸಿದ. ದೇವರ ಪಲ್ಲಕ್ಕಿಗೂ ಅಷ್ಟು ಉಪಚಾರವಿಲ್ಲ. ಬೀಳಗಿಯ ದಶರಥ ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದವನು. ಅವನ ಮನೆಗೆ ಹೋದಾಗ ಗೇಟಿನ ಕಂಬಗಳಿಗೆ ಆಳೆತ್ತರ ಸುಣ್ಣ ಬಳಿದಿದ್ದ. ಶಿವಾಜಿಗೆ ವಯಸ್ಸಾಯಿತು, ಹಣಮಪ್ಪನಿಗೆ ಭಕ್ತಿ ಹೆಚ್ಚಾಯಿತು, ದಶರಥನಿಗೆ ಮಾಡಲು ಬೇರೆ ಕೆಲಸವಿಲ್ಲ ಎಂದು ಮಹಾಲಿಂಗ ಲೆಕ್ಕ ಹಾಕಿದ. ತನ್ನ ಗುಟ್ಟಿನ ಭಾರದಲ್ಲಿ ಅವನಿಗೆ ಬೇರೆ ಯೋಚನೆಯೇ ಹೊಳೆಯಲಿಲ್ಲ.

ಹೀಗೆ ದೀಪಾವಳಿ ದಾಟಿತು, ಮತ್ತೆ ಎಳ್ಳಮಾವಾಸ್ಯೆ ಬಂತು.

ಗಾಡಿಗಳೆಲ್ಲ ಜಮಖಂಡಿಯಲ್ಲಿ ಕೂಡಿ ಗಲಗಲಿಯ ದಾರಿ ಹಿಡಿಯಬೇಕು. ಹೊರಡುವಾಗ ಶಿವಾಜಿಯ ಅಂಬಾಸಿಡರಿನಲ್ಲಿ ಎಣ್ಣೆ ಇರಲಿಲ್ಲ. "ನೀವು ಸಾವಕಾಶ ನಡೀರಿ, ನಾ ಬೆನ್ನ ಹತ್ತತೀನಿ," ಎಂದು ಅವನು ಪಂಪಿನ ಕಡೆ ತಿರುಗಿದ. ಡಾಜ್ ಎಲ್ಲಕ್ಕಿಂತ ಮುಂದಾಯಿತು. ಮಹಾಲಿಂಗನಿಗೆ ಮನಸ್ಸು ತಡೆಯಲಿಲ್ಲ, ಆದರೂ ಎಂದಿನ ಹಾಗೆ ಹಿಂದೆಯೇ ಉಳಿದ. ಬೆಳೆಗೆ ನೈವೇದ್ಯದ ಚರಗ ಚೆಲ್ಲಲು ಹೊಲಕ್ಕೆ ಹೊರಟ ಬಂಡಿಗಳು, ಬುಟ್ಟಿ ಹೊತ್ತ ಹೆಂಗಸರು, ಕಬ್ಬಿನ ಟ್ರ್ಯಾಕ್ಟರುಗಳು. ಎಲ್ಲವನ್ನೂ ಡಾಜ್ ಗಂಭೀರವಾಗಿ ದಾಟಿತು. ಗಲಗಲಿ ಇನ್ನೇನು ಬಂತು ಅನ್ನುವಾಗ ಎಡಗಡೆಯ ಬದುವಿನಿಂದ ಕುರಿ ಹಿಂಡೊಂದು ರಸ್ತೆಗೆ ಇಳಿಯತೊಡಗಿತು.

ಡಾಜ್ ನಿಧಾನವಾಗಲಿಲ್ಲ. ಹಾರ್ನಿನ ಮೇಲೆ ಅಂಗೈ ಒತ್ತಿದ ಮಹಾಲಿಂಗ ತೆಗೆಯಲೇ ಇಲ್ಲ.

ಗಿರಿಮಲ್ಲಪ್ಪ ಕಿಟಕಿಯಿಂದ ಕೈ ಹೊರಗೆ ಹಾಕಿ, ಬಾ, ಮುಂದೆ ಹೋಗು ಎಂದು ಬೀಸಿದರು. ಈ ಹುಡುಗನಿಗೆ ಇಂದೇನೋ ಅವಸರ, ದಾರಿ ಕೊಡೋಣ ಎಂದು ದೊಡ್ಡ ಮನಸ್ಸು ಮಾಡಿ ಡಾಜನ್ನು ಎಡಕ್ಕೆ ತಿರುಗಿಸಿದರು. ಎಡಕ್ಕೆ, ಹಿಂಡಿನ ಒಳಕ್ಕೆ.

ಕುರಿಗಳು ಚೆಲ್ಲಾಪಿಲ್ಲಿಯಾದವು. ಗಾಡಿ ಬದು ಇಳಿದು ಕಡಲೆ ಹೊಲದ ಮಣ್ಣಿನಲ್ಲಿ ಹೂತು ನಿಂತಿತು. ಒಂದು ಮರಿ ಕಾಲು ಮುರಿದುಕೊಂಡು ಒದರುತ್ತಿತ್ತು. ಅದರಿಂದ ಎರಡು ಮಾರು ದೂರದಲ್ಲಿ ನಾಲ್ಕೈದು ವರ್ಷದ ಹುಡುಗಿಯೊಂದು ಕೋಲು ಹಿಡಿದು ನಿಂತಿತ್ತು. ಅಳುವುದನ್ನೂ ಮರೆತಿತ್ತು.

ಹಿಂಡಿನ ಒಡತಿ ಲಗಮವ್ವ ಓಡಿಬಂದು ಮೊದಲು ಮೊಮ್ಮಗಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. ಆಮೇಲೆ ಡಾಜಿನ ಬಾಗಿಲಿಗೆ ಬಂದು ನಿಂತಳು.

"ಏ ಮುದಕಾ, ಕಣ್ಣ ಕಾಣಂಗಿಲ್ಲೇನ ನಿನಗ?"

ಅದು ಬೈಗುಳ. ದಾರಿಯಲ್ಲಿ ಯಾರಿಗೆ ಯಾರೂ ಬೈಯುವ ಮಾತು. ಗಿರಿಮಲ್ಲಪ್ಪ ಸ್ಟೇರಿಂಗ್ ಹಿಡಿದೇ ಕೂತಿದ್ದರು.

"ಇಲ್ಲಬೇ ಯವ್ವಾ," ಎಂದರು. "ಕಾಣಂಗಿಲ್ಲ. ಕೂಸಿಗೆ ಏನರ ಆತೇನು? ಅಷ್ಟ ಹೇಳು."

ಲಗಮವ್ವನ ಬಾಯಿಂದ ಬರಬೇಕಿದ್ದ ಉಳಿದ ಬೈಗುಳ ಅಲ್ಲೇ ನಿಂತಿತು. "ಕೂಸಿಗೆ ಏನಾಗಿಲ್ಲ," ಎಂದಳು. ಅಷ್ಟರಲ್ಲಿ ಉಳಿದವರು ಓಡಿಬಂದಿದ್ದರು, ಶಿವಾಜಿಯೂ ಬಂದು ಮುಟ್ಟಿದ್ದ. ಅವಳು ಅವರ ಕಡೆ ತಿರುಗಿದಳು. "ಕಾಣಲಾರದ ಮನಿಶಾನ ಕೈಯಾಗ ಗಾಡಿ ಕೊಟ್ಟವರ ಯಾರ್ರಿ? ನೀವು ಇಷ್ಟ ಮಂದಿ ಅದೀರಿ, ಒಬ್ಬರಿಗೂ ಗೊತ್ತಿರಲಿಲ್ಲೇನು?"

"ನನಗ ಗೊತ್ತಿತ್ತವ್ವಾ," ಎಂದ ಮಹಾಲಿಂಗ. ವರ್ಷವಿಡೀ ಬಚ್ಚಿಟ್ಟಿದ್ದ ಮಾತು. ಹೊರಬಂದಾಗ ತನಗೇ ಕೇಳಿಸದಷ್ಟು ಸಣ್ಣಗಿತ್ತು. "ಖರೇ ಅಂದ್ರ ನನಗ ಒಬ್ಬಂವಗ ಗೊತ್ತಿತ್ತು."

"ನಿನಗ ಒಬ್ಬಂವಗ?" ಎಂದ ಶಿವಾಜಿ. "ನಾ ಯಾಕ್ ಈ ವರಸ ಪೂರಾ ಆಮಿ ಹಂಗ ಮುಂದ ತೆವಳೀನಿ ಅಂತ ತಿಳದಿ?"

ಹಣಮಪ್ಪ ತಲೆ ತಗ್ಗಿಸಿ, "ಮಳಿಯಾಗ ನಾ ಸುಮ್ಮಕ ತೊಯ್ಸಿಕೊಂಡೆ ಅಂತ ಮಾಡೀರೇನು?" ಎಂದ. ದಶರಥ ಆಗಲೇ ಕೆಳಗೆ ಕೂತಿದ್ದ. ಮರಿಯ ಕಾಲಿಗೆ ಕಬ್ಬಿನ ಸಿಬಿರು ಇಟ್ಟು ತನ್ನ ಟವೆಲ್ಲು ಹರಿದು ಕಟ್ಟುತ್ತಿದ್ದ. ಅವನ ಗೇಟಿನ ಸುಣ್ಣ ಈಗ ಎಲ್ಲರಿಗೂ ಅರ್ಥವಾಗಿತ್ತು.

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ಪ್ರತಿಯೊಬ್ಬನೂ ತಾನೊಬ್ಬನೇ ಬಲ್ಲೆ, ತಾನೊಬ್ಬನೇ ಕಾಯುತ್ತಿದ್ದೇನೆ ಎಂದುಕೊಂಡಿದ್ದ. ಅದರ ಬಗ್ಗೆ ಒಳಗೊಳಗೇ ಹೆಮ್ಮೆಯನ್ನೂ ಪಟ್ಟಿದ್ದ. ನಾಲ್ವರ ಪ್ರೀತಿ ಸೇರಿ ಒಂದು ಕೂಸನ್ನು ಗಾಲಿಗೆ ಕೊಡುವುದರಲ್ಲಿತ್ತು. ಮಹಾಲಿಂಗನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

ಗಿರಿಮಲ್ಲಪ್ಪ ಬಾಗಿಲು ತೆರೆದು, ಗಾಡಿಯ ಮೈ ಸವರುತ್ತ ಇಳಿದರು. ಸಿಟ್ಟಿಗೇಳುತ್ತಾರೆ ಎಂದುಕೊಂಡರೆ ಸಿಟ್ಟಿಗೇಳಲಿಲ್ಲ. "ನಾನ ಭಾಳ ಶ್ಯಾಣ್ಯಾ ಅಂತ ತಿಳದಿದ್ದೆ," ಎಂದರು. "ನಿಮ್ಮೆಲ್ಲಾರ ಕಣ್ಣಾಗ ಮಣ್ಣ ಒಗದೇನಿ ಅಂತ."

"ನಿಯಮ ಬದಲ್ ಮಾಡೂಣ್ರಿ ಕಾಕಾ," ಎಂದ ಹಣಮಪ್ಪ. "ಅಧ್ಯಕ್ಷರಿಗೆ ಒಬ್ಬರಿಗೆ ಬ್ಯಾರೆ ನಿಯಮ ಮಾಡೂಣು."

"ಮತ್ತ ಶುರು ಮಾಡಿದಿರಿ ನೋಡ್ರಿ." ಅವರು ಕೈ ಅಡ್ಡ ಹಿಡಿದರು. "ಸಾಕ್ರಪಾ. ಇವತ್ತಿಗೆ ಆತು ನಂದು."

ಗಿರಿಮಲ್ಲಪ್ಪ ಲಗಮವ್ವನಿಗೆ ಕೈಮುಗಿದರು. ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, "ಮನಿಗೆ ಹೋಗೋ ಯಪ್ಪಾ," ಎಂದಳು. ಹಣಮಪ್ಪನ ಜೀಪು ಡಾಜನ್ನು ಎಳೆದು ರಸ್ತೆಗೆ ಹತ್ತಿಸಿತು. ಅವರು ಕೀಲಿಕೈಯನ್ನು ಮಹಾಲಿಂಗನ ಅಂಗೈಯಲ್ಲಿಟ್ಟು, ತಾವು ಎಡಗಡೆಯ ಸೀಟಿಗೆ ಹೋಗಿ ಕೂತರು. ಡಾಜ್ ಜಮಖಂಡಿಯ ಕಡೆ ತಿರುಗಿತು, ಫಿಯೆಟ್ ಅಲ್ಲೇ ಹೊಲದ ಬದಿಗೆ ಉಳಿಯಿತು. ಊಟದ ಬುಟ್ಟಿಗಳನ್ನು ಯಾರೂ ಬಿಚ್ಚಲಿಲ್ಲ.

ಬಂಡಿಯೋ ಸೈಕಲ್ಲೋ ಎದುರಾದಾಗ ಗಿರಿಮಲ್ಲಪ್ಪನವರ ಬಲಗಾಲು ತಾನೇ ಚಾಚಿ, ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಮಹಾಲಿಂಗ ಅದನ್ನು ನೋಡಲಾರದೆ ರಸ್ತೆಯನ್ನೇ ನೋಡಿದ.

"ಮಾಲಿಂಗ," ಎಂದರು ಕೊನೆಗೆ. "ಬಲಕ್ಕ ಏನೈತಿ?"

"ಕಬ್ಬರಿ. ಕಡ್ಯಾಕತ್ತಾರ."

"ಎಡಕ್ಕ?"

"ಜ್ವಾಳರಿ. ತೆನಿ ಹಿರದಾವು. ಮಂದಿ ಚರಗಾ ಚೆಲ್ಲಾಕತ್ತಾರ."

"ಇಷ್ಟ ದಿನ ಈ ದಾರ್ಯಾಗ ಅಡ್ಡಾಡೀನಿ. ಎಡಕ್ಕ ಜ್ವಾಳ ಇದ್ದದ್ದ ಗೊತ್ತಿಲ್ಲ ನೋಡು ನನಗ," ಎಂದು ಅವರು ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು. ಆಮೇಲೆ, "ಮುಂದಿಂದೂ ಈಗೀಗ ಮಸಕಾಗಾಕತ್ತೈತಿ. ಮುಂದ ಏನೈತಲೇ?" ಎಂದು ಕೇಳಿದರು.

ಮಹಾಲಿಂಗ ಹೇಳಲು ನೋಡಿದ. ಮುಂದೆ ರಸ್ತೆ ಇತ್ತು, ಬಿಸಿಲಿತ್ತು, ಆಚೆ ಜಮಖಂಡಿಯ ಗುಡ್ಡವೂ ಇದ್ದಿರಬೇಕು. ಎಲ್ಲವೂ ಕಲಸಿ ಒಂದೇ ಆಗಿತ್ತು. ಕಣ್ಣು ಒರೆಸಿದಷ್ಟೂ ತುಂಬುತ್ತಿದ್ದವು.

"ಹೇಳಲೇ. ಇನ್ನ ಮ್ಯಾಲ ನನಗ ಖರೇ ಹೇಳಬೇಕ ನೀ."

"ಏನೂ ಕಾಣವಲ್ದರಿ, ಕಾಕಾ," ಎಂದ ಮಹಾಲಿಂಗ.

ಗಿರಿಮಲ್ಲಪ್ಪ ತಡವರಿಸುತ್ತ ಕೈ ಚಾಚಿ ಅವನ ಭುಜ ಹುಡುಕಿದರು. ಅಲ್ಲಿಂದ ಕೆನ್ನೆ ಮುಟ್ಟಿದರು. ಬೆರಳು ಒದ್ದೆಯಾದವು. ಆದರೂ ದನಿ ಮಾತ್ರ ಅಧ್ಯಕ್ಷರದೇ ಆಗಿತ್ತು.

"ಕಾಣದಿದ್ದರ ಗಾಡಿ ನಿಲ್ಲಸಬೇಕಪಾ. ನಾ ನಿಲ್ಲಸಲಿಲ್ಲ. ನೀ ನಿಲ್ಲಸು."

ಮಹಾಲಿಂಗ ಡಾಜನ್ನು ಮೆಲ್ಲಗೆ ರಸ್ತೆಯ ಬದಿಗೆ ತೆಗೆದುಕೊಂಡು ನಿಲ್ಲಿಸಿದ.